ವೈನ್ ತೋಟದ ಊಟ, ಅಚಾರ್ ಮತ್ತು ಬಂಗಾಳದ ಏಂಜೆಲಾ

ಕೇಪ್‌ಟೌನ್‌ಗೆ ಆನ್‌ಸೈಟ್ ಹೋದವರಿಗೆ ಅಲ್ಲಿನ ಸಹೋದ್ಯೋಗಿಗಳು ತಪ್ಪದೆ ಕೊಡುವ ಸಲಹೆ ಎರಡು. ಒಂದು, ಗಾಳಿ ಇಲ್ಲದ ದಿನ ನೋಡಿಕೊಂಡು ಟೇಬಲ್ ಮೌಂಟನ್ ಹತ್ತಿ. ಎರಡು, ಒಂದು ಭಾನುವಾರ ಹಳ್ಳಿ ಕಡೆ ಹೋಗಿ ಯಾವುದಾದರೂ ವೈನ್ ತೋಟದಲ್ಲಿ ಮಧ್ಯಾಹ್ನದ ಊಟ ಮಾಡಿ. ಮೊದಲನೆಯದರ ಬಗ್ಗೆ ಎಲ್ಲರೂ ಬರೆದಿದ್ದಾರೆ, ಫೋಟೋಗಳೂ ಬೇಕಾದಷ್ಟಿವೆ. ನಾನು ಎರಡನೆಯದರ ಬಗ್ಗೆ ಬರೀತೀನಿ. ಊಟದ ನೆಪದಲ್ಲಿ ಸ್ವಲ್ಪ ಚರಿತ್ರೆ. ಬೋರ್ ಆದರೆ ಅಡ್ಜಸ್ಟ್ ಮಾಡ್ಕೊಳ್ಳಿ :)

ವೈನ್ ತೋಟದಲ್ಲಿ ಊಟ ಅನ್ನೋದು ನಮ್ಮ ಬೆಂಗಳೂರಿನವರಿಗೂ ಈಗ ಹೊಸದಲ್ಲ. ದೊಡ್ಡಬಳ್ಳಾಪುರದ ಹತ್ತಿರ, ನಂದಿ ಬೆಟ್ಟದ ತಪ್ಪಲಿನಲ್ಲಿ 1988ರಲ್ಲಿ ಶುರುವಾದ ಗ್ರೋವರ್ ತೋಟಕ್ಕೆ ವೀಕೆಂಡ್‌ನಲ್ಲಿ ಹೋಗಿಬರುವ ಐಟಿ ಜನ ಬೇಕಾದಷ್ಟಿದ್ದಾರೆ. ಆದರೆ ನಮ್ಮದಕ್ಕೆ ಇನ್ನೂ ನಲವತ್ತು ವರ್ಷ ತುಂಬಿಲ್ಲ. ಕೇಪ್‌ನಲ್ಲಿ ಇದಕ್ಕೆ ಮುನ್ನೂರೈವತ್ತು ವರ್ಷ ದಾಟಿದೆ.

ನಾವು ಹೋಗಿದ್ದು ಫ್ರಾನ್ಸ್‌ಹೂಕ್ ಕಣಿವೆಗೆ. ಕೇಪ್‌ಟೌನ್‌ನಿಂದ ಸುಮಾರು 80 ಕಿಲೋಮೀಟರ್. ಸ್ಟೆಲೆನ್‌ಬಾಷ್ ದಾಟಿ ಒಂದು ಘಾಟಿ ಹತ್ತಿ ಇಳಿದರೆ ಎರಡೂ ಕಡೆ ಕಡಿದಾದ ಕಲ್ಲಿನ ಬೆಟ್ಟ, ನಡುವೆ ಬಾಚಿದ ತಲೆಯ ಹಾಗೆ ಸಾಲು ಸಾಲು ದ್ರಾಕ್ಷಿ. ತೋಟದ ಹೆಸರು ಬೇಡ ಬಿಡಿ, ಆ ಕಣಿವೆಯ ಹಳೇ ತೋಟಗಳೆಲ್ಲ ನೋಡೋಕೆ ಹೆಚ್ಚು ಕಮ್ಮಿ ಒಂದೇ ಥರ: ಸುಣ್ಣ ಬಳಿದ ಬೆಳ್ಳಗಿನ ಮನೆ, ಮುಂಭಾಗದಲ್ಲಿ ಡಚ್ಚರ ಅಲಂಕಾರದ ಗೋಪುರಗೋಡೆ, ಓಕ್ ಮರಗಳ ನೆರಳಲ್ಲಿ ಟೇಬಲ್‌ಗಳು. ಹುಲ್ಲುಹಾಸಿನ ಮೇಲೆ ಎರಡು ಬಿಳೀ ಕಂಬಗಳ ನಡುವೆ ಒಂದು ದೊಡ್ಡ ಕಂಚಿನ ಗಂಟೆ. ಎಲ್ಲರೂ ಅದರ ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ನಾವೂ ತೆಗೆಸಿಕೊಂಡೆವು.

ಊಟಕ್ಕೆ ಬಂದದ್ದು ಬೊಬೋಟಿ. ಮಾಮೂಲಿಯಾಗಿ ಕೊಚ್ಚಿದ ಮಾಂಸಕ್ಕೆ ಮಸಾಲೆ ಹಾಕಿ, ಮೇಲೆ ಮೊಟ್ಟೆ-ಹಾಲು ಸುರಿದು ಬೇಯಿಸುತ್ತಾರೆ. ನಾನು ಮಾಂಸ ತಿನ್ನಲ್ಲ ಅಂದಿದ್ದಕ್ಕೆ ಬೇಳೆಯಲ್ಲಿ ಮಾಡಿದ್ದು ಕೊಟ್ಟರು. ಜೊತೆಗೆ ಅರಿಶಿನ, ಒಣದ್ರಾಕ್ಷಿ ಹಾಕಿದ ಹಳದಿ ಅನ್ನ. ಪಕ್ಕದಲ್ಲಿ ಮೂರು ಪುಟ್ಟ ಬಟ್ಟಲು: ಸಾಂಬಲ್, ಬ್ಲಾಟ್ಯಾಂಗ್ ಅನ್ನುವ ಸಿಹಿ-ಹುಳಿ ಚಟ್ನಿ, ಇನ್ನೊಂದು ಅಚಾರ್. ಹೌದು, ಅಚಾರ್! ಎಣ್ಣೆ, ಖಾರ ಹಾಕಿದ ಮಾವಿನಕಾಯಿ ಉಪ್ಪಿನಕಾಯಿ. ಭೂಮಿಯ ತುದಿಯಲ್ಲಿ, ಫ್ರೆಂಚ್ ಹೆಸರಿನ ತೋಟದಲ್ಲಿ, ಡಚ್ ಮನೆಯ ಅಂಗಳದಲ್ಲಿ ಈ ಉಪ್ಪಿನಕಾಯಿ ಏನು ಮಾಡ್ತಿದೆ?

ಮೆನುವಿನ ಹಿಂಬದಿಯಲ್ಲಿ ತೋಟದ ಚರಿತ್ರೆ ಅಚ್ಚು ಹಾಕಿಸಿದ್ದರು. ಧರ್ಮಕ್ಕಾಗಿ ದೇಶ ಬಿಟ್ಟ ಫ್ರೆಂಚ್ ಕುಟುಂಬ, ಅವರ ಕಷ್ಟ, ಮೊದಲ ಬಳ್ಳಿ, ವೈನ್‌ಗೆ ಬಂದ ಪದಕಗಳು. ಅದರಲ್ಲಿ ಉಪ್ಪಿನಕಾಯಿಗೆ ಉತ್ತರ ಇರಲಿಲ್ಲ. ಗಂಟೆಗೂ ಇರಲಿಲ್ಲ. ಆಮೇಲೆ ಓದಿ, ಮ್ಯೂಸಿಯಂ ಸುತ್ತಿ ತಿಳಿದದ್ದನ್ನು ಕೆಳಗೆ ಬರೆದಿದ್ದೇನೆ.

ಕಥೆ ಶುರುವಾಗುವುದು ಒಂದು ಕಂಪನಿಯಿಂದ. 1602ರಲ್ಲಿ ಹುಟ್ಟಿದ ಡಚ್ ಈಸ್ಟ್ ಇಂಡಿಯಾ ಕಂಪನಿಗೆ ಯೂರೋಪ್ ಮತ್ತು ಏಷ್ಯಾದ ನಡುವೆ ಒಂದು ಪಿಟ್‌ಸ್ಟಾಪ್ ಬೇಕಿತ್ತು. ತಿಂಗಳುಗಟ್ಟಲೆ ಹಡಗಿನಲ್ಲಿರುವ ನಾವಿಕರಿಗೆ ತಾಜಾ ತರಕಾರಿ, ನೀರು, ಮಾಂಸ ಸಿಗದೆ ಸ್ಕರ್ವಿ ಬಂದು ಸಾಯುತ್ತಿದ್ದರು. 1652ರ ಏಪ್ರಿಲ್‌ನಲ್ಲಿ ಯಾನ್ ವಾನ್ ರೀಬೀಕ್ ಎಂಬ ಅಧಿಕಾರಿ ಕೇಪ್‌ನಲ್ಲಿ ಇಳಿದ. ತರಕಾರಿ ತೋಟ ಮಾಡಿದ. 1655ರಲ್ಲಿ ದ್ರಾಕ್ಷಿ ನೆಡಿಸಿದ. 1659ರ ಫೆಬ್ರವರಿ 2ರಂದು ಕೇಪ್ ದ್ರಾಕ್ಷಿಯಿಂದ ಮೊದಲ ಸಲ ವೈನ್ ಹಿಂಡಿದ್ದನ್ನು ದೇವರಿಗೆ ಥ್ಯಾಂಕ್ಸ್ ಹೇಳಿ ಡೈರಿಯಲ್ಲಿ ಬರೆದಿಟ್ಟ. ಹೊಸ ಜಗತ್ತಿನ ವೈನ್‌ಗಳಲ್ಲಿ ಇಷ್ಟು ಕರಾರುವಾಕ್ಕಾದ ಹುಟ್ಟುಹಬ್ಬ ಇರುವುದು ಅಪರೂಪ.

ಆದರೆ ಕೆಲಸಕ್ಕೆ ಜನ? ಸ್ಥಳೀಯ ಖೊಯ್‌ಖೊಯ್ ದನಗಾಹಿಗಳನ್ನು ಗುಲಾಮರನ್ನಾಗಿ ಮಾಡಕೂಡದು ಅಂತ ಕಂಪನಿಯ ಆದೇಶವಿತ್ತು. ದಯೆಯಿಂದಲ್ಲ, ಅವರಿಂದ ದನ ಕೊಳ್ಳಬೇಕಿತ್ತು. ಹಾಗಾಗಿ ಹೊರಗಿನಿಂದ ತಂದರು. 1658ರಲ್ಲಿ ಎರಡು ಹಡಗುಗಳಲ್ಲಿ ಅಂಗೋಲ ಮತ್ತು ಗಿನಿ ತೀರದ ಗುಲಾಮರು ಬಂದರು. ಆಮೇಲೆ ಮಡಗಾಸ್ಕರ್, ಮೊಜಾಂಬಿಕ್, ಇಂಡೋನೇಷ್ಯಾ... ಮತ್ತು ನಮ್ಮ ದೇಶ. 1808ರಲ್ಲಿ ಬ್ರಿಟಿಷರು ವ್ಯಾಪಾರ ನಿಲ್ಲಿಸುವವರೆಗೆ ಕೇಪ್‌ಗೆ ತಂದ ಗುಲಾಮರು ಸುಮಾರು 60 ಸಾವಿರ ಅಂತ ಚರಿತ್ರೆಕಾರರ ಅಂದಾಜು. ಅದರಲ್ಲಿ ಹೆಚ್ಚುಕಮ್ಮಿ ಕಾಲು ಭಾಗ ಭಾರತದವರು: ಬಂಗಾಳ, ಮಲಬಾರ್, ಕೋರಮಂಡಲ ತೀರ. ನಮ್ಮ ಶಾಲೆಯ ಪುಸ್ತಕದಲ್ಲಿ ದಕ್ಷಿಣ ಆಫ್ರಿಕಾದ ಭಾರತೀಯರ ಕಥೆ ಗಾಂಧೀಜಿಯಿಂದ, ನಟಾಲ್‌ನ ಕಬ್ಬಿನ ಗದ್ದೆಯಿಂದ ಶುರುವಾಗುತ್ತೆ. ಕಬ್ಬಿನ ಕೂಲಿಗಳ ಮೊದಲ ಹಡಗು ನಟಾಲ್ ತಲುಪಿದ್ದು 1860ರಲ್ಲಿ. ಅದಕ್ಕಿಂತ ಇನ್ನೂರು ವರ್ಷ ಮೊದಲೇ ನಮ್ಮವರು ಕೇಪ್‌ನಲ್ಲಿದ್ದರು.

ಹೇಗೆ ಸಿಕ್ಕಿದರು? ಕೆಲವರನ್ನು ಕದ್ದು ಮಾರಿದರು, ಕೆಲವರು ಸಾಲಕ್ಕೆ ಮಾರಾಟವಾದರು, ಬಹಳಷ್ಟು ಜನ ಬರಗಾಲ-ಯುದ್ಧಗಳಲ್ಲಿ ಅನ್ನವಿಲ್ಲದೆ ಬಂದರಿಗೆ ಬಂದವರು. ಇಲ್ಲಿ ನಮ್ಮ ಕರ್ನಾಟಕದ್ದೂ ಒಂದು ಎಳೆ ಇದೆ, ಹೆಮ್ಮೆಪಡುವಂಥದ್ದಲ್ಲ. 1659-61ರ ಸುಮಾರಿಗೆ ಬಿಜಾಪುರದ ಆದಿಲ್‌ಶಾಹಿ ಸೈನ್ಯ ತಂಜಾವೂರು ಸೀಮೆಯನ್ನು ಕೊಳ್ಳೆ ಹೊಡೆಯಿತು. ಹಿಂದೆಯೇ ಬರಗಾಲ. ನಾಗಪಟ್ಟಣದಂಥ ಬಂದರುಗಳಲ್ಲಿ ಡಚ್ಚರು ಸಾವಿರಾರು ಜನರನ್ನು ಅಗ್ಗಕ್ಕೆ ಕೊಂಡರು. ಅವರಲ್ಲಿ ಹೆಚ್ಚಿನವರು ಹೋದದ್ದು ಸಿಲೋನ್‌ಗೆ ಮತ್ತು ಬಟಾವಿಯಾಕ್ಕೆ, ಅಂದರೆ ಈಗಿನ ಜಕಾರ್ತಕ್ಕೆ. ಕೇಪ್‌ಗೆ ಬಂದವರನ್ನು ಅನೇಕ ಸಲ ಊರಿಗೆ ವಾಪಸ್ ಹೋಗುವ ಹಡಗಿನ ಅಧಿಕಾರಿಗಳು ತಮ್ಮ ಸ್ವಂತ ಸೈಡ್ ಬಿಸಿನೆಸ್ ಆಗಿ ತಂದು ಮಾರುತ್ತಿದ್ದರು. ರೇಷ್ಮೆ, ಮೆಣಸಿನ ಜೊತೆ ಒಬ್ಬಿಬ್ಬರು ಹುಡುಗರು.

ಈಗ ಹೆಸರಿನ ವಿಷಯ. ನನ್ನ ದಿನದ ಅರ್ಧ ಕೆಲಸ ಡೇಟಾಬೇಸ್ ಟೇಬಲ್‌ಗಳ ಜೊತೆ, ಹಾಗಾಗಿ ಇದು ನನ್ನನ್ನು ಹಿಡಿದು ನಿಲ್ಲಿಸಿತು. ಮಾರಾಟದ ದಾಖಲೆಯಲ್ಲಿ ಒಬ್ಬ ಮನುಷ್ಯನ ಹೆಸರಿಗೆ ಎರಡೇ ಫೀಲ್ಡ್. ಮೊದಲನೆಯದರಲ್ಲಿ ಯಜಮಾನನಿಗೆ ತೋಚಿದ ಹೆಸರು: ಬೈಬಲ್‌ನಿಂದ, ಗ್ರೀಕ್-ರೋಮನ್ ಪುರಾಣದಿಂದ, ಅಥವಾ ತಿಂಗಳಿನಿಂದ. ಜನವರಿ, ಫೆಬ್ರವರಿ, ಸೆಪ್ಟೆಂಬರ್. ಎರಡನೆಯದರಲ್ಲಿ 'ವಾನ್' ಅಂದರೆ 'ಇಂಥ ಕಡೆಯ' ಎಂದು ಹಾಕಿ ತಂದ ಜಾಗ: ವಾನ್ ಬೆಂಗಾಲೆ, ವಾನ್ ಮಲಬಾರ್. ಅಪ್ಪ, ಅಮ್ಮ, ಊರು, ಜಾತಿ, ಭಾಷೆ ಯಾವುದಕ್ಕೂ ಕಾಲಂ ಇಲ್ಲ. ನಾವು ಸಾಫ್ಟ್‌ವೇರ್‌ನಲ್ಲಿ ಹೇಳುತ್ತೇವಲ್ಲ, ಸ್ಟೋರ್ ಮಾಡದ ಡೇಟಾವನ್ನು ರಿಕವರ್ ಮಾಡೋಕೆ ಆಗಲ್ಲ ಅಂತ. ಒಬ್ಬ ಮಲಬಾರಿನ ಹುಡುಗನ ನಿಜವಾದ ಹೆಸರು ಏನಿತ್ತು ಅನ್ನುವುದು ಹೀಗೆ ಶಾಶ್ವತವಾಗಿ ಹೋಯಿತು. ಉಳಿದದ್ದು ವಿಚಿತ್ರವಾಗಿ ಉಳಿಯಿತು: ಫೆಬ್ರವಾರಿ, ಸೆಪ್ಟೆಂಬರ್ ಎಂಬ ಸರ್‌ನೇಮ್‌ಗಳು ಕೇಪ್‌ನಲ್ಲಿ ಇವತ್ತಿಗೂ ಇವೆ.

ಹಾಗಿದ್ದೂ ಒಬ್ಬಳ ಕಥೆ ಪೂರ್ತಿ ಸಿಗುತ್ತದೆ. ಏಂಜೆಲಾ ವಾನ್ ಬೆಂಗಾಲೆ. 1657ರಲ್ಲಿ ವಾನ್ ರೀಬೀಕ್‌ನ ಮನೆಗೇ ಮಾರಾಟವಾಗಿ ಬಂದವಳು. ಅವನು 1662ರಲ್ಲಿ ಕೇಪ್ ಬಿಡುವಾಗ ಅವಳನ್ನು ಇನ್ನೊಬ್ಬ ಅಧಿಕಾರಿಗೆ ಮಾರಿದ. 1666ರಲ್ಲಿ ಮೂರು ಮಕ್ಕಳ ಸಮೇತ ಬಿಡುಗಡೆಯಾಯಿತು. ಮರುವರ್ಷ ಅವಳಿಗೆ ಊರಿನಲ್ಲೇ ಒಂದು ತುಂಡು ನೆಲ ಸಿಕ್ಕಿತು. 1669ರಲ್ಲಿ ಅರ್ನಾಲ್ಡಸ್ ಬ್ಯಾಸನ್ ಎಂಬುವನನ್ನು ಮದುವೆಯಾದಳು. ಇವತ್ತು ಬಿಳಿಯರು ಎನಿಸಿಕೊಂಡ ಎಷ್ಟೋ ಆಫ್ರಿಕಾನರ್ ಕುಟುಂಬಗಳ ವಂಶವೃಕ್ಷದ ಬೇರಿನಲ್ಲಿ ಈ ಬಂಗಾಳಿ ಹೆಂಗಸಿದ್ದಾಳೆ.

ವೈನ್‌ಗೂ ಇವಳಿಗೂ ಏನು ಸಂಬಂಧ ಅಂತೀರಾ? ಕೇಪ್‌ನ ಅತಿ ಪ್ರಸಿದ್ಧ ತೋಟ ಕಾನ್‌ಸ್ಟಾನ್ಷಿಯ. 1685ರಲ್ಲಿ ಸೈಮನ್ ವಾನ್ ಡರ್ ಸ್ಟೆಲ್ ಎಂಬ ಗವರ್ನರ್‌ಗೆ ಸಿಕ್ಕಿದ ಜಮೀನು. ಅಲ್ಲಿನ ಸಿಹಿ ವೈನ್ ಆಮೇಲೆ ಯೂರೋಪಿನ ಅರಮನೆಗಳಿಗೆ ಹೋಯಿತು, ಸೇಂಟ್ ಹೆಲೆನಾದಲ್ಲಿ ಸೆರೆಯಲ್ಲಿದ್ದ ನೆಪೋಲಿಯನ್‌ಗೂ ಹೋಯಿತು. ವಾನ್ ಡರ್ ಸ್ಟೆಲ್ 1712ರಲ್ಲಿ ಸತ್ತ ಮೇಲೆ ತೋಟದ ಮುಖ್ಯ ಭಾಗವನ್ನು ಕೊಂಡವನು ಓಲಾಫ್ ಬರ್ಗ್. ಅವನ ಹೆಂಡತಿ ಆನಾ ಡ ಕೋನಿಂಗ್ ಯಾರು ಗೊತ್ತೆ? ಏಂಜೆಲಾ ಜೊತೆ ಬಿಡುಗಡೆಯಾದ ಮೂರು ಮಕ್ಕಳಲ್ಲಿ ಒಬ್ಬಳು! ಗಂಡ 1724ರಲ್ಲಿ ತೀರಿಕೊಂಡ ಮೇಲೆ, ತಾನು 1734ರಲ್ಲಿ ಸಾಯುವವರೆಗೂ ಕಾನ್‌ಸ್ಟಾನ್ಷಿಯದ ಒಡತಿ ಅವಳೇ. ಸಿನಿಮಾ ಆದರೆ ಇಲ್ಲಿಗೆ ಚಪ್ಪಾಳೆ ತಟ್ಟಿ ಮುಗಿಸಬಹುದಿತ್ತು. ಆದರೆ ಅವಳ ಆಸ್ತಿಯ ಪಟ್ಟಿಯಲ್ಲಿ ಗುಲಾಮರೂ ಇದ್ದರು. ಗುಲಾಮಳಾಗಿ ಹುಟ್ಟಿದವಳಿಗೂ ಗುಲಾಮರಿಲ್ಲದೆ ವೈನ್ ತೋಟ ನಡೆಸುವ ದಾರಿ ಕಾಣಲಿಲ್ಲ. ವ್ಯವಸ್ಥೆ ಅನ್ನುವ ಪದದ ಅರ್ಥ ನನಗೆ ಇದಕ್ಕಿಂತ ಚೆನ್ನಾಗಿ ಇನ್ನೆಲ್ಲೂ ಸಿಕ್ಕಿಲ್ಲ.

ಈಗ ಮತ್ತೆ ಫ್ರಾನ್ಸ್‌ಹೂಕ್. ಫ್ರಾನ್ಸಿನ ರಾಜ 14ನೇ ಲೂಯಿ 1685ರಲ್ಲಿ ಪ್ರಾಟೆಸ್ಟೆಂಟರಿಗಿದ್ದ ಧಾರ್ಮಿಕ ಸ್ವಾತಂತ್ರ್ಯ ಕಿತ್ತುಕೊಂಡ. ಓಡಿಹೋದ ಹ್ಯೂಗೆನೊಗಳಲ್ಲಿ ಇನ್ನೂರರಷ್ಟು ಜನ 1688ರಿಂದ ಕೇಪ್‌ಗೆ ಬಂದರು. ಕಂಪನಿ ಅವರಿಗೆ ಈ ಕಣಿವೆಯ ಸುತ್ತಮುತ್ತ ಜಮೀನು ಕೊಟ್ಟಿತು. ಫ್ರಾನ್ಸ್‌ಹೂಕ್ ಅಂದರೆ ಫ್ರೆಂಚರ ಮೂಲೆ ಅಂತಲೇ ಅರ್ಥ. ಅವರು ಪಟ್ಟ ಕಷ್ಟ ಸುಳ್ಳಲ್ಲ. ಆದರೆ ಕೈಗೆ ಕಾಸು ಬಂದ ಹಾಗೆ ಅವರೂ ಗುಲಾಮರನ್ನು ಕೊಂಡರು. ಗುಂಡಿ ತೋಡಿದ್ದು, ಬಳ್ಳಿ ಕತ್ತರಿಸಿದ್ದು, ಫೆಬ್ರವರಿ-ಮಾರ್ಚ್ ಬಿಸಿಲಿನಲ್ಲಿ ಹಣ್ಣು ಕಿತ್ತು ಕಾಲಿನಿಂದ ತುಳಿದದ್ದು, ಪೀಪಾಯಿ ಮಾಡಿದ್ದು, ಅಡುಗೆ ಮಾಡಿದ್ದು ಹೆಚ್ಚಾಗಿ ಆ ಎರಡು ಫೀಲ್ಡಿನ ಹೆಸರಿನವರು. ನಾವು ಫೋಟೋ ತೆಗೆಸಿಕೊಂಡ ಆ ಗಂಟೆ ಅವರನ್ನು ಕೆಲಸಕ್ಕೆ ಎಬ್ಬಿಸುತ್ತಿದ್ದ ಗುಲಾಮರ ಗಂಟೆ.

ಊರಿನ ಕೊನೆಯಲ್ಲಿ ಹ್ಯೂಗೆನೊ ಸ್ಮಾರಕ ಇದೆ. ಬೆಳ್ಳಗಿನ ಮೂರು ಕಮಾನು, ಮುಂದೆ ಒಬ್ಬ ಹೆಂಗಸಿನ ಪ್ರತಿಮೆ. ಒಂದು ಕೈಯಲ್ಲಿ ಬೈಬಲ್, ಇನ್ನೊಂದರಲ್ಲಿ ಮುರಿದ ಸರಪಳಿ. ಧಾರ್ಮಿಕ ದಬ್ಬಾಳಿಕೆಯಿಂದ ಬಿಡುಗಡೆ ಅಂತ ಅರ್ಥ. ಇದರ ಉದ್ಘಾಟನೆ 1948ರ ಏಪ್ರಿಲ್‌ನಲ್ಲಿ. ಮರು ತಿಂಗಳೇ ನ್ಯಾಷನಲ್ ಪಾರ್ಟಿ ಚುನಾವಣೆ ಗೆದ್ದು ಅಪಾರ್ಥೀಡ್ ಶುರುವಾಯಿತು. ಆ ಕಣಿವೆಯಲ್ಲಿ ನಿಜವಾದ ಸರಪಳಿ ಕಂಡವರು ಯಾರು ಎಂಬ ಪ್ರಶ್ನೆ ಪ್ರತಿಮೆಯನ್ನು ನೋಡಿದಾಗ ಬರದೇ ಇರಲ್ಲ.

ಗುಲಾಮಗಿರಿ ಕಾನೂನಿನಲ್ಲಿ ಮುಗಿದದ್ದು 1834ರ ಡಿಸೆಂಬರ್ 1ಕ್ಕೆ. ಆದರೆ 'ಅಪ್ರೆಂಟಿಸ್' ಎಂಬ ಹೆಸರಿನಲ್ಲಿ ಇನ್ನೂ ನಾಲ್ಕು ವರ್ಷ ಅದೇ ಯಜಮಾನನ ಬಳಿ ದುಡಿಯಬೇಕಿತ್ತು. ಬ್ರಿಟಿಷ್ ಸರ್ಕಾರ ಇಡೀ ಸಾಮ್ರಾಜ್ಯಕ್ಕೆ 2 ಕೋಟಿ ಪೌಂಡ್ ಪರಿಹಾರ ಕೊಟ್ಟಿತು, ಯಜಮಾನರಿಗೆ! ಗುಲಾಮರಿಗೆ ಒಂದು ಪೆನ್ನಿಯೂ ಇಲ್ಲ. ನೆಲವಿಲ್ಲದ ಜನ ವಾಪಸ್ ಅದೇ ತೋಟಗಳಿಗೆ ಕೂಲಿಗೆ ಹೋದರು. ಘಾಟಿ ಇಳಿಯುವಾಗ ಸಿಗುವ ಪ್ನೀಲ್ ಎಂಬ ಹಳ್ಳಿ 1843ರಲ್ಲಿ ಹೀಗೆ ಬಿಡುಗಡೆಯಾದವರಿಗಾಗಿ ಕಟ್ಟಿದ ಮಿಷನ್ ಊರು. ಕೂಲಿಯ ಒಂದು ಭಾಗವನ್ನು ಅಗ್ಗದ ವೈನ್ ರೂಪದಲ್ಲೇ ಕೊಡುವ 'ಡಾಪ್' ಪದ್ಧತಿಯೂ ಮುಂದುವರಿಯಿತು. ದಿನಕ್ಕೆ ಹಲವು ಸಲ ಡಬ್ಬದಲ್ಲಿ ಅಳೆದು ಕುಡಿಸುವುದು. 1960ರ ದಶಕದಲ್ಲಿ ಕಾನೂನು ತಡೆದರೂ 1990ರ ದಶಕದವರೆಗೆ ಅಲ್ಲಲ್ಲಿ ನಡೆದೇ ಇತ್ತು. ಬಸುರಿಯರು ಕುಡಿದ ಮದ್ಯದಿಂದ ಮಕ್ಕಳಿಗೆ ಹುಟ್ಟಿನಿಂದಲೇ ಬರುವ ತೊಂದರೆ ಜಗತ್ತಿನಲ್ಲೇ ಅತಿ ಹೆಚ್ಚು ದಾಖಲಾದ ಪ್ರದೇಶಗಳಲ್ಲಿ ಈ ವೈನ್ ಸೀಮೆ ಒಂದು.

ಅಂದರೆ ಅಲ್ಲಿ ಊಟಕ್ಕೆ ಹೋಗಬಾರದಾ? ಖಂಡಿತ ಹೋಗಿ. ಬೊಬೋಟಿ ಚೆನ್ನಾಗಿರುತ್ತೆ. ಆ ಊಟವೇ ಅವರು ಬಿಟ್ಟುಹೋದ ದಾಖಲೆ. ಹೆಸರು ಕಿತ್ತುಕೊಂಡವರಿಗೆ ನಾಲಗೆಯ ರುಚಿ ಕಿತ್ತುಕೊಳ್ಳಲಾಗಲಿಲ್ಲ. ಇದನ್ನು 'ಕೇಪ್ ಮಲಯ್' ಅಡುಗೆ ಅಂತಾರೆ, ಆದರೆ ಆ ಹೆಸರಿನ ಒಳಗೆ ಬಂಗಾಳ, ಮಲಬಾರ್, ಜಾವಾ ಎಲ್ಲ ಸೇರಿಕೊಂಡಿದೆ. ಡಚ್ಚರ ಮಕ್ಕಳ ಭಾಷೆಯೊಳಗೂ ಇವರು ಸೇರಿಕೊಂಡರು. ಆಫ್ರಿಕಾನ್ಸ್‌ನಲ್ಲಿ ಮಂಚಕ್ಕೆ 'ಕಾಟಲ್' ಅನ್ನುತ್ತಾರೆ. ಮಲಯ್ ಮೂಲಕ ಹೋದ ತಮಿಳಿನ 'ಕಟ್ಟಿಲ್' ಅದು. ಈಗೀಗ ಕೆಲವು ತೋಟಗಳು ತಮ್ಮ ಗುಲಾಮರ ಕಥೆಯನ್ನೂ ಹೇಳಲು ಶುರುಮಾಡಿವೆ, ಅದು ಒಳ್ಳೆಯದು.

ಒಂದು ಕೆಲಸ ಮಾತ್ರ ಮಾಡಿ. ಕೇಪ್‌ಟೌನ್‌ನಲ್ಲಿ 1679ರಲ್ಲಿ ಕಂಪನಿ ತನ್ನ ಗುಲಾಮರನ್ನು ಕೂಡಿಹಾಕಲು ಕಟ್ಟಿದ ಸ್ಲೇವ್ ಲಾಡ್ಜ್ ಈಗ ಮ್ಯೂಸಿಯಂ. ಅದರ ಪಕ್ಕದ ಚರ್ಚ್ ಸ್ಕ್ವೇರ್‌ನಲ್ಲಿ 2008ರಲ್ಲಿ ಇಟ್ಟ ಹನ್ನೊಂದು ಕಪ್ಪು ಗ್ರಾನೈಟ್ ಕಲ್ಲುಗಳಿವೆ. ಬೆಂಚಿನ ಹಾಗೆ ಕಾಣುತ್ತವೆ, ಜನ ಕೂತು ಸ್ಯಾಂಡ್‌ವಿಚ್ ತಿನ್ನುತ್ತಿರುತ್ತಾರೆ. ಬಗ್ಗಿ ನೋಡಿದರೆ ಕಲ್ಲಿನ ಮೇಲೆ ಗುಲಾಮರ ಹೆಸರುಗಳು ಕೆತ್ತಿವೆ. ಯಜಮಾನರು ಇಟ್ಟ ಹೆಸರುಗಳೇ, ನಮ್ಮ ಬಳಿ ಇರುವುದು ಅಷ್ಟೇ. ಐದು ನಿಮಿಷ ನಿಂತು ಓದಿ. ಓದುವಾಗ ಪ್ರತಿಯೊಂದರ ಹಿಂದೆ ಇನ್ನೊಂದು ಹೆಸರಿತ್ತು, ಯಾವುದೋ ಊರಿನಲ್ಲಿ ಯಾವಳೋ ತಾಯಿ ಆ ಹೆಸರು ಹಿಡಿದು ಕೂಗುತ್ತಿದ್ದಳು ಅನ್ನೋದು ನೆನಪಿರಲಿ.