ಹಾ, ಮಾ, ಧಿಕ್: ದಂಡನೀತಿಯ ಮೊದಲ ಮಾತುಗಳು

ಎಲ್ಲರಿಗೂ ಎಲ್ಲರ ಪರಿಚಯವಿರುವ ಅಲಖನೂರಿನಂಥ ಊರಿನಲ್ಲಿ ಹಿರಿಯರ ‘ಛೀ’ ಎಂಬ ಮಾತು ಇಂದಿಗೂ ನಾಟುತ್ತದೆ. ಒಂಬತ್ತನೆಯ ಶತಮಾನದ ಜಿನಸೇನಾಚಾರ್ಯರು ಆದಿಪುರಾಣದಲ್ಲಿ ದಂಡನೀತಿಯ ಹುಟ್ಟನ್ನು ಅಂಥ ಮಾತಿನಿಂದಲೇ ಹೇಳಿದ್ದಾರೆ. ಕಲ್ಪವೃಕ್ಷಗಳು ಕ್ಷೀಣಿಸಿ ಜನರಲ್ಲಿ ಕಲಹವೆದ್ದಾಗ ಕುಲಕರರು ಎಲ್ಲೆ ಗುರುತಿಸಿದರು. ಮೊದಲ ಐವರ ಕಾಲಕ್ಕೆ ‘ಹಾ’ ಎಂಬ ಉದ್ಗಾರವೇ ದಂಡನೆ, ಮುಂದಿನ ಐವರ ಕಾಲಕ್ಕೆ ಬೇಡವೆನ್ನುವ ‘ಮಾ’ ಸೇರಿತು, ಅನಂತರ ‘ಧಿಕ್’. ಬಂಧನ, ಶರೀರದಂಡಗಳು ಬಂದದ್ದು ಭರತಚಕ್ರವರ್ತಿಯಿಂದ.

ಮಾನವವಿಕಾಸದ ಬಹುಕಾಲ ಕಳೆದದ್ದು ಬೇಟೆಯಾಡಿ, ಗೆಡ್ಡೆಗೆಣಸು ಆಯ್ದು ಬದುಕಿದ ಸಣ್ಣ ಗುಂಪುಗಳಲ್ಲಿ. ಅಲ್ಲಿ ಒಡೆಯನಾಗಬಯಸಿದವನನ್ನು ಉಳಿದವರು ಅಪಹಾಸ್ಯ, ನಿಂದೆ, ಬಹಿಷ್ಕಾರಗಳಿಂದ ತಡೆಯುತ್ತಿದ್ದರೆಂದು ಮಾನವಶಾಸ್ತ್ರಜ್ಞ ಕ್ರಿಸ್ಟೋಫರ್ ಬೋಮ್ 1999ರ ತಮ್ಮ ಗ್ರಂಥದಲ್ಲಿ ವಾದಿಸಿದರು. ಕೆಲವೊಮ್ಮೆ ಕೊಂದದ್ದೂ ಉಂಟು. ಪುರಾಣದಲ್ಲಿ ನಾಯಕನು ಪ್ರಜೆಗೆ ‘ಹಾ’ ಎನ್ನುತ್ತಾನೆ, ಇಲ್ಲಿ ಪ್ರಜೆಯು ನಾಯಕನಿಗೆ. ನಮ್ಮ ಬಸದಿಗಳ ಟ್ರಸ್ಟುಗಳಲ್ಲಿ ಈ ಎರಡನೆಯ ‘ಹಾ’ ಕೇಳಿಸುವುದು ಅಪರೂಪ.