ಆಕಾಶವಾಣಿಯ ಸ್ಥಾನಾಂತರ

ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು 1935ನೆಯ ಇಸವಿ ಸೆಪ್ಟೆಂಬರ್ 10ರಂದು ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರವನ್ನಾರಂಭಿಸಿದರು. ಯಂತ್ರದ ಶಕ್ತಿ 30 ವಾಟ್ ಮಾತ್ರ. ಪಡಸಾಲೆಯ ವಿದ್ಯುದ್ದೀಪಕ್ಕೂ ಅದು ಸಾಲುತ್ತಿರಲಿಲ್ಲ. ಹೆಸರು ಮಾತ್ರ ದೊಡ್ಡದು: ‘ಆಕಾಶವಾಣಿ.’ ಪುರಾಣದ ಆಕಾಶವಾಣಿಯು ಕಂಸನನ್ನು ಎಚ್ಚರಿಸಿ ಸುಮ್ಮನಾಯಿತು, ಅದಕ್ಕೆ ವೇಳಾಪಟ್ಟಿಯಿರಲಿಲ್ಲ. ಈ ವಾಣಿಯಾದರೋ ಗಡಿಯಾರಕ್ಕೂ ಧನಕ್ಕೂ ಅಧೀನವಾಗಿದ್ದಿತು. ಖಾಸಗಿ ಸಾಹಸವಾಗಿ ಹುಟ್ಟಿದ ಅದನ್ನು ಮುಂದೆ ಮೈಸೂರು ಸಂಸ್ಥಾನವು ವಹಿಸಿಕೊಂಡಿತು. 1950ರ ಏಪ್ರಿಲ್ 1ರಂದು ಕೇಂದ್ರ ಸರ್ಕಾರದ ವಶವಾಯಿತು.

1955ರ ನವೆಂಬರಿನಲ್ಲಿ ನಿಲಯವು ಬೆಂಗಳೂರಿಗೆ ಸಾಗಿತು. ಪ್ರಬಲವಾದ ಯಂತ್ರದಿಂದ ದೂರದ ಹಳ್ಳಿಗಳಿಗೂ ಕನ್ನಡದ ನುಡಿ ಮುಟ್ಟಿತೆಂಬುದು ನಿಜ. ಆ ಲಾಭವನ್ನು ಅಲ್ಲಗಳೆಯಲಾಗದು. ಆದರೆ ನಡೆದೇ ಹೋಗಿ ಭಾಷಣ ಮಾಡಿ ಬರಬಹುದಾಗಿದ್ದ ಮೈಸೂರಿನ ಪಂಡಿತರಿಗೆ ಆ ಸೌಕರ್ಯ ತಪ್ಪಿತು. ಮಾತನಾಡಬೇಕಾದರೆ ಸುಮಾರು 140 ಕಿಲೋಮೀಟರು ಪ್ರಯಾಣ. ಊರಿನ ಮಾತು ಊರಿನಿಂದಲೇ ಹೊರಡುವುದು ನಿಂತಿತು. ವಿಚಿತ್ರವೆಂದರೆ, 1957ರಲ್ಲಿ ಅಖಿಲ ಭಾರತದ ಬಾನುಲಿಯು ‘ಆಕಾಶವಾಣಿ’ ಎಂಬ ಹೆಸರನ್ನು ಕೈಕೊಂಡಾಗ, ಆ ಹೆಸರನ್ನು ಮೊದಲು ಧರಿಸಿದ್ದ ನಿಲಯವೇ ಮೈಸೂರಿನಲ್ಲಿರಲಿಲ್ಲ. ಅಲ್ಲಿ ಮತ್ತೆ ಪ್ರಸಾರ ಮೊದಲಾದುದು 1974ರಲ್ಲಿ.