ವಾರಮಧ್ಯದ ಖಾಲಿ ಆಸನ: ಇಂಗ್ಲೆಂಡಿನ ಫುಟ್‌ಬಾಲ್ ಟಿಕೆಟ್ ದರದ ಚರಿತ್ರೆ

(ಸಂಘದ ಉಪನ್ಯಾಸಮಾಲೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಲಿಖಿತ ರೂಪ)



ಕನ್ನಡ ಸಂಘದ ವೇದಿಕೆಯಲ್ಲಿ ಫುಟ್‌ಬಾಲ್ ಟಿಕೆಟ್ಟಿನ ದರವನ್ನು ಕುರಿತು ಉಪನ್ಯಾಸವೇ ಎಂದು ತಮ್ಮಲ್ಲಿ ಕೆಲವರಿಗೆ ಅಚ್ಚರಿಯಾಗಿರಬಹುದು. ಆದರೆ ಈ ನಾಡಿನಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳು ಪಂಪ, ಕುಮಾರವ್ಯಾಸರ ಹೆಸರಿಗಿಂತ ಮೊದಲು ತಮ್ಮ ಊರಿನ ಫುಟ್‌ಬಾಲ್ ತಂಡದ ಹನ್ನೊಂದು ಮಂದಿಯ ಹೆಸರನ್ನು ಕಲಿಯುತ್ತಾರೆ. ಅವರು ಬೆಳೆಯುತ್ತಿರುವ ಸಮಾಜದ ಇತಿಹಾಸವನ್ನು ತಿಳಿಯಲು ಪಾರ್ಲಿಮೆಂಟಿನ ಬಾಗಿಲು ಎಷ್ಟು ಉಪಯುಕ್ತವೋ ಫುಟ್‌ಬಾಲ್ ಮೈದಾನದ ಬಾಗಿಲೂ ಅಷ್ಟೇ ಉಪಯುಕ್ತವೆಂದು ನನ್ನ ನಂಬಿಕೆ. ಆ ಬಾಗಿಲಲ್ಲಿ ಎಷ್ಟು ಹಣ ಕೇಳಿದರು, ವಾರದ ಯಾವ ದಿನ ಕೇಳಿದರು, ಯಾರು ಕೊಡಬಲ್ಲವರಾಗಿದ್ದರು ಎಂಬ ಮೂರು ಪ್ರಶ್ನೆಗಳನ್ನು ಬೆನ್ನಟ್ಟಿದರೆ ಇಂಗ್ಲೆಂಡಿನ ದುಡಿಯುವ ಜನರ ಒಂದೂವರೆ ಶತಮಾನದ ಕಥೆ ತೆರೆದುಕೊಳ್ಳುತ್ತದೆ.

ಶನಿವಾರ ಮಧ್ಯಾಹ್ನ ಮೈದಾನ ತುಂಬುವುದು ದೊಡ್ಡ ಮಾತಲ್ಲ. ನವೆಂಬರ್ ತಿಂಗಳ ಮಂಗಳವಾರ ರಾತ್ರಿ, ಜಿಟಿಜಿಟಿ ಮಳೆಯಲ್ಲಿ, ಮರುದಿನ ಬೆಳಗ್ಗೆ ಕೆಲಸಕ್ಕೆ ಹೋಗಬೇಕಾದವನು ಮನೆ ಬಿಟ್ಟು ಬರುತ್ತಾನೆಯೇ ಎಂಬುದೇ ನಿಜವಾದ ಪರೀಕ್ಷೆ. ಆಟ ಆರಂಭವಾದಾಗ ಮಾರಾಟವಾಗದೆ ಉಳಿದ ಆಸನವನ್ನು ಅಂಗಡಿಯ ಸರಕಿನಂತೆ ನಾಳೆಗೆ ಎತ್ತಿಡಲು ಬರುವುದಿಲ್ಲ; ಅದರ ಬೆಲೆ ಆ ಕ್ಷಣಕ್ಕೆ ಸೊನ್ನೆಯಾಗುತ್ತದೆ. ಊರೂರು ಸುತ್ತಿ ಡೇರೆ ಹಾಕುತ್ತಿದ್ದ ನಮ್ಮ ಕಂಪನಿ ನಾಟಕದ ಮಾಲೀಕರಿಗೆ ಈ ಸತ್ಯ ಚೆನ್ನಾಗಿ ಗೊತ್ತಿತ್ತು. ಇಂಥ ಉಪನ್ಯಾಸಗಳನ್ನು ಏರ್ಪಡಿಸುವ ನಿಮ್ಮ ಕಾರ್ಯದರ್ಶಿಗಳಿಗೂ ಖಾಲಿ ಕುರ್ಚಿಯ ಚಿಂತೆ ಹೊಸದಾಗಿರಲಾರದು. ಹಾಗಾದರೆ ದರ ಇಳಿಸಿದರೆ ಆಸನ ತುಂಬುವುದೇ? ಚರಿತ್ರೆಯ ಉತ್ತರ ನಾವು ಎಣಿಸುವಷ್ಟು ಸರಳವಾಗಿಲ್ಲ.

ಮೊದಲು ಶನಿವಾರದ ಹುಟ್ಟನ್ನು ನೋಡೋಣ. 1850ರ ಕಾರ್ಖಾನೆ ಕಾಯಿದೆ ಬಟ್ಟೆ ಗಿರಣಿಗಳಲ್ಲಿ ದುಡಿಯುವ ಮಹಿಳೆಯರ ಮತ್ತು ಎಳೆಯರ ಕೆಲಸವನ್ನು ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ನಿಲ್ಲಿಸಬೇಕೆಂದು ವಿಧಿಸಿತು. ಅವರಿಲ್ಲದೆ ಗಿರಣಿ ನಡೆಯದಿದ್ದುದರಿಂದ ಗಂಡಸರಿಗೂ ಬಿಡುವು ದೊರೆಯಿತು. ಕ್ರಮೇಣ ಇತರ ಉದ್ಯಮಗಳಿಗೂ ಹರಡಿದ ಈ ಅರ್ಧ ದಿನದ ರಜೆಯೇ ಫುಟ್‌ಬಾಲಿನ ತೊಟ್ಟಿಲು. ಎಲ್ಲರಿಗೂ ಬಿಡುವಿನ ದಿನ ಒಂದೇ ಆಗಿರಲಿಲ್ಲ ಎಂಬುದಕ್ಕೆ ಷೆಫೀಲ್ಡಿನ ಪ್ರಸಿದ್ಧ ತಂಡದ ಹೆಸರೇ ಸಾಕ್ಷಿ. ಬುಧವಾರ ಅರ್ಧ ದಿನ ಬಿಡುವಿದ್ದ ಕುಶಲಕರ್ಮಿಗಳು 1820ರಲ್ಲಿ ಒಂದು ಕ್ರಿಕೆಟ್ ಕ್ಲಬ್ ಕಟ್ಟಿದರು. 1867ರಲ್ಲಿ ಅದಕ್ಕೆ ಫುಟ್‌ಬಾಲ್ ಶಾಖೆ ಸೇರಿತು. ಇಂದು ಷೆಫೀಲ್ಡ್ ವೆನ್ಸ್‌ಡೇ ಎಂದು ನಾವು ಕರೆಯುವ ತಂಡ ಅದೇ. ಬುಧವಾರದ ಹೆಸರನ್ನು ಹೊತ್ತ ತಂಡವೂ ಮುಂದೆ ಶನಿವಾರವೇ ಆಡತೊಡಗಿತು.

ವಾರದ ನಡುವಣ ರಾತ್ರಿಯನ್ನು ಗೆಲ್ಲುವ ಮೊದಲ ಪ್ರಯತ್ನವೂ ಅದೇ ಊರಿನಲ್ಲಿ ನಡೆಯಿತು. 1878ರ ಅಕ್ಟೋಬರ್ 14ರಂದು, ಸೋಮವಾರ ರಾತ್ರಿ, ಷೆಫೀಲ್ಡಿನ ಬ್ರ್ಯಾಮಲ್ ಲೇನ್ ಮೈದಾನದಲ್ಲಿ ಕಂಬಗಳ ಮೇಲೆ ನಾಲ್ಕು ವಿದ್ಯುದ್ದೀಪಗಳನ್ನು ಏರಿಸಿ ಪಂದ್ಯ ಆಡಿಸಿದರು. ಸುಮಾರು ಹನ್ನೆರಡು ಸಾವಿರ ಮಂದಿ ಹಣ ಕೊಟ್ಟು ಒಳಬಂದರು. ಇನ್ನೂ ಸಾವಿರಾರು ಮಂದಿ ಕತ್ತಲಿನ ಮರೆಯಲ್ಲಿ ಹಣ ಕೊಡದೆ ನುಸುಳಿದರು. ಜನ ಬಂದದ್ದು ಆಟಕ್ಕಿಂತ ದೀಪದ ಬೆರಗಿಗಾಗಿ ಎನ್ನಬಹುದು. ಆದರೆ ಹೊತ್ತು ಅನುಕೂಲವಾಗಿದ್ದರೆ ದುಡಿಯುವ ಜನ ವಾರದ ದಿನವೂ ಬರುತ್ತಾರೆಂಬುದು ಅಂದೇ ಸಿದ್ಧವಾಯಿತು.

1888ರಲ್ಲಿ ಹನ್ನೆರಡು ತಂಡಗಳ ಫುಟ್‌ಬಾಲ್ ಲೀಗ್ ಆರಂಭವಾಯಿತು. ಎರಡೇ ವರ್ಷಗಳಲ್ಲಿ, ಎಂದರೆ 1890ರಲ್ಲಿ, ಲೀಗ್ ಒಂದು ಮಹತ್ವದ ನಿಯಮವನ್ನು ಮಾಡಿತು: ಮಹಿಳೆಯರು ಮತ್ತು ಬಾಲಕರ ಹೊರತು ಯಾರಿಗೂ ಆರು ಪೆನ್ನಿಗಿಂತ ಕಡಿಮೆ ದರದಲ್ಲಿ ಪ್ರವೇಶ ಕೊಡಕೂಡದು. ಇದು ಕನಿಷ್ಠ ದರ ಎಂಬುದನ್ನು ತಾವು ಗಮನಿಸಬೇಕು. ಇದರಿಂದ ಒಂದೇ ಪ್ರದೇಶದ ಎರಡು ತಂಡಗಳು ಪೈಪೋಟಿಯಲ್ಲಿ ದರ ಇಳಿಸಿ ಪರಸ್ಪರ ಹಾಳಾಗುವುದು ತಪ್ಪುತ್ತಿತ್ತು. ಮುಂದೆ ಬಾಗಿಲ ಹಣದಲ್ಲಿ ಐದರಲ್ಲಿ ಒಂದು ಪಾಲು ಎದುರಾಳಿ ತಂಡಕ್ಕೆ ಸಲ್ಲುವ ಪದ್ಧತಿ ಬಂದಾಗ, ಒಂದು ತಂಡ ಅಗ್ಗಕ್ಕೆ ಮಾರಿದರೆ ನಷ್ಟ ಇನ್ನೊಂದು ತಂಡಕ್ಕೂ ತಟ್ಟುವಂತಾಯಿತು. ಆರು ಪೆನ್ನಿ ಎಂದರೆ ಅರ್ಧ ಷಿಲಿಂಗ್. ಒಳ್ಳೆಯ ಸಂಬಳದ ಕುಶಲಕರ್ಮಿಗೆ ಅದು ಎಟುಕುತ್ತಿತ್ತು. ಹೊಟ್ಟೆಗೂ ಬಟ್ಟೆಗೂ ಸಾಲದ ದಿನಗೂಲಿಯವನಿಗೆ ಎಟುಕುತ್ತಿರಲಿಲ್ಲ. ಹೀಗೆ ಒಂದು ಚಿಕ್ಕ ನಾಣ್ಯ ಕಾರ್ಮಿಕ ವರ್ಗದೊಳಗೇ ಗೆರೆ ಎಳೆಯಿತು. ಮೊದಲ ಮಹಾಯುದ್ಧದ ನಂತರ ಈ ಕನಿಷ್ಠ ದರ ಒಂದು ಷಿಲಿಂಗ್ ಆಯಿತು.

ಮಹಿಳೆಯರಿಗೆ ಆರಂಭದ ವರ್ಷಗಳಲ್ಲಿ ಅನೇಕ ಮೈದಾನಗಳಲ್ಲಿ ಉಚಿತ ಪ್ರವೇಶವಿತ್ತು. 1885ರಲ್ಲಿ ಪ್ರೆಸ್ಟನ್ ತಂಡದ ಒಂದು ಈಸ್ಟರ್ ಪಂದ್ಯಕ್ಕೆ ಸುಮಾರು ಎರಡು ಸಾವಿರ ಮಹಿಳೆಯರು ಬಂದರೆಂದೂ, ಆಡಳಿತಗಾರರು ಬೆಚ್ಚಿ ಆ ಸೌಲಭ್ಯವನ್ನು ಹಿಂತೆಗೆದುಕೊಂಡರೆಂದೂ ಹೇಳುತ್ತಾರೆ. ಯಾರೂ ಬರಲಾರರೆಂದು ಕೊಟ್ಟ ಔದಾರ್ಯ, ಜನ ಬಂದಕೂಡಲೇ ಲೆಕ್ಕಾಚಾರವಾಯಿತು!

ಇನ್ನು ವಾರಮಧ್ಯದ ವಿಷಯ. ದೀಪವಿಲ್ಲದ ಕಾಲದಲ್ಲಿ ಸಮವಾದ ಪಂದ್ಯಗಳ ಮರುಪಂದ್ಯಗಳನ್ನು ವಾರದ ದಿನಗಳ ಮಧ್ಯಾಹ್ನವೇ ಆಡಬೇಕಾಗಿತ್ತು. ಎರಡನೆಯ ಮಹಾಯುದ್ಧ ಮುಗಿದು ಜನ ವಿನೋದಕ್ಕೆ ಹಸಿದಿದ್ದಾಗ ಇದರ ಪರಿಣಾಮ ಪ್ರಕಟವಾಯಿತು. 1946ರ ಮಾರ್ಚ್ 27, ಬುಧವಾರ, ಮ್ಯಾಂಚೆಸ್ಟರಿನ ಮೇನ್ ರೋಡ್ ಮೈದಾನದಲ್ಲಿ ಡರ್ಬಿ ಕೌಂಟಿ ಮತ್ತು ಬರ್ಮಿಂಗ್‌ಹ್ಯಾಮ್ ಸಿಟಿ ತಂಡಗಳ ನಡುವಣ ಎಫ್.ಎ. ಕಪ್ ಸೆಮಿಫೈನಲ್ ಮರುಪಂದ್ಯಕ್ಕೆ 80,407 ಮಂದಿ ಸೇರಿದರು. ಅಷ್ಟು ಜನ ಕೆಲಸದ ದಿನ ಮೈದಾನದಲ್ಲಿದ್ದರೆಂದರೆ ಎಷ್ಟು ಯಂತ್ರಗಳು ಸುಮ್ಮನಿದ್ದಿರಬೇಕು! ಮರುವರ್ಷದ ಭೀಕರ ಚಳಿಗಾಲದಲ್ಲಿ ಕಲ್ಲಿದ್ದಲಿನ ಅಭಾವದಿಂದ ದೇಶ ತತ್ತರಿಸಿದಾಗ, ಉತ್ಪಾದನೆ ಕುಂಠಿತವಾಗಬಾರದೆಂದು ವಾರಮಧ್ಯದ ಪಂದ್ಯಗಳನ್ನು ನಿಷೇಧಿಸಲಾಯಿತು. ಆ ವರ್ಷದ ಲೀಗ್ ಋತು ಜೂನ್ 14ರವರೆಗೆ ಎಳೆದಾಡಿತು. ಮಾಲೀಕನ ಹೊತ್ತು ಮತ್ತು ಕಾರ್ಮಿಕನ ಹೊತ್ತು ಬೇರೆ ಬೇರೆ ಎಂಬುದು ಇಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣದು.

ಈ ತೊಡಕಿಗೆ ದೀಪವೇ ಪರಿಹಾರವಾಗಿತ್ತು. ಆದರೆ ಫುಟ್‌ಬಾಲ್ ಅಸೋಸಿಯೇಷನ್ 1930ರಲ್ಲಿ ತನ್ನ ಸದಸ್ಯ ತಂಡಗಳು ದೀಪದಡಿ ಆಡಕೂಡದೆಂದು ನಿಷೇಧಿಸಿತ್ತು. ಆರ್ಸೆನಲ್ ತಂಡದ ದೂರದರ್ಶಿ ವ್ಯವಸ್ಥಾಪಕ ಹರ್ಬರ್ಟ್ ಚಾಪ್‌ಮನ್ 1932ರಲ್ಲಿ ತಮ್ಮ ಮೈದಾನದಲ್ಲಿ ದೀಪಗಳನ್ನು ಹಾಕಿಸಿದರೂ ಅಧಿಕೃತ ಪಂದ್ಯಕ್ಕೆ ಅನುಮತಿ ದೊರೆಯಲಿಲ್ಲ. ಇಪ್ಪತ್ತು ವರ್ಷಗಳ ನಂತರ, 1950ರಲ್ಲಿ, ಆ ನಿರ್ಬಂಧ ಸಡಿಲವಾಯಿತು. 1954ರ ಡಿಸೆಂಬರ್ 13ರ ಸೋಮವಾರ ರಾತ್ರಿ ವುಲ್ವರ್‌ಹ್ಯಾಂಪ್ಟನ್ ತಂಡ ಹಂಗೇರಿಯ ಹೊನ್ವೇದ್ ತಂಡವನ್ನು 3-2ರಿಂದ ಸೋಲಿಸಿದಾಗ ಮೋಲಿನ್ಯೂ ಮೈದಾನದಲ್ಲಿ ಸುಮಾರು 55,000 ಮಂದಿ ಇದ್ದರು. 1956ರ ಫೆಬ್ರವರಿ 22ರ ಬುಧವಾರ ಪೋರ್ಟ್ಸ್‌ಮತ್ ಮತ್ತು ನ್ಯೂಕ್ಯಾಸಲ್ ತಂಡಗಳು ದೀಪದಡಿ ಮೊಟ್ಟಮೊದಲ ಲೀಗ್ ಪಂದ್ಯವನ್ನು ಆಡಿದವು. ಅಂದು ಬಂದವರು 15,831 ಮಂದಿ. ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿರಿ. ಬೆಳಕು ಬಾಗಿಲು ತೆರೆಯುತ್ತದೆ, ನಿಜ. ಆದರೆ ಒಳಗೆ ಬರುವಷ್ಟು ಆಸೆ ಹುಟ್ಟಿಸುವುದು ಎದುರಾಳಿ ಯಾರು, ಸೋಲು ಗೆಲುವಿನಲ್ಲಿ ಏನಿದೆ ಎಂಬುದು.

1960ರಲ್ಲಿ ಲೀಗಿನ ಕಾರ್ಯದರ್ಶಿ ಅಲನ್ ಹಾರ್ಡೇಕರ್ ಅವರ ಮುಂದಾಳುತನದಲ್ಲಿ ವಾರಮಧ್ಯದ ರಾತ್ರಿಗಳಿಗೆಂದೇ ಲೀಗ್ ಕಪ್ ಎಂಬ ಹೊಸ ಸ್ಪರ್ಧೆ ಹುಟ್ಟಿತು. ದೊಡ್ಡ ತಂಡಗಳು ಅನೇಕವು ಮೊದಲಿಗೆ ಮೂಗು ಮುರಿದವು. 1967ರಲ್ಲಿ ಫೈನಲ್ ಪಂದ್ಯವನ್ನು ವೆಂಬ್ಲಿಗೆ ಒಯ್ದು, ಗೆದ್ದವರಿಗೆ ಯುರೋಪಿನ ಸ್ಪರ್ಧೆಯ ದಾರಿ ತೋರಿಸಿದ ಮೇಲೆಯೇ ಅದಕ್ಕೆ ಗೌರವ ಬಂದಿತು. ಟಿಕೆಟ್ ದರದಲ್ಲಿ ಮಾಡಲಾಗದ್ದನ್ನು ಪಂದ್ಯದ ಮಹತ್ವ ಮಾಡಿತು.

ಅಷ್ಟರಲ್ಲಿ ಜನ ಮೈದಾನಗಳಿಂದ ಕರಗತೊಡಗಿದ್ದರು. 1948-49ರ ಋತುವಿನಲ್ಲಿ ಲೀಗ್ ಪಂದ್ಯಗಳಿಗೆ 4 ಕೋಟಿ 12 ಲಕ್ಷಕ್ಕೂ ಹೆಚ್ಚು ಪ್ರವೇಶಗಳು ದಾಖಲಾಗಿದ್ದವು. 1985-86ರ ಹೊತ್ತಿಗೆ ಅದು 1 ಕೋಟಿ 65 ಲಕ್ಷದಷ್ಟಕ್ಕೆ ಇಳಿದಿತ್ತು. ಕಾರು, ದೂರದರ್ಶನ, ಮೈದಾನದ ಹೊಡೆದಾಟ, ಸೋರುವ ಚಾವಣಿ, ಹೊಲಸು ಶೌಚಾಲಯ ಎಲ್ಲವೂ ಇದಕ್ಕೆ ಕಾರಣ. 1973-74ರ ಚಳಿಗಾಲದ ವಿದ್ಯುತ್ ಬಿಕ್ಕಟ್ಟಿನಲ್ಲಿ ಮೈದಾನದ ದೀಪಗಳಿಗೆ ನಿರ್ಬಂಧ ಬಂದು, ವಾರಮಧ್ಯದ ಪಂದ್ಯಗಳು ಮತ್ತೆ ಮಧ್ಯಾಹ್ನಕ್ಕೆ ಸರಿದವು. ಆಗಲೇ, 1974ರ ಜನವರಿಯಲ್ಲಿ, ಭಾನುವಾರದ ಆಟ ಆರಂಭವಾಯಿತು. ಆದರೆ 1780ರ ಹಳೆಯ ಕಾಯಿದೆಯೊಂದರ ಪ್ರಕಾರ ಭಾನುವಾರ ವಿನೋದಕ್ಕೆ ಪ್ರವೇಶಧನ ವಸೂಲು ಮಾಡುವಂತಿರಲಿಲ್ಲ. ಕ್ಲಬ್ಬುಗಳು ಉಪಾಯ ಹುಡುಕಿದವು: ಪ್ರವೇಶ ಉಚಿತ, ಆದರೆ ಆಟಗಾರರ ಹೆಸರಿರುವ ಹಾಳೆಯನ್ನು ಟಿಕೆಟ್ಟಿನ ಬೆಲೆಗೇ ಕೊಳ್ಳಬೇಕು! ಚಾಪೆಯ ಕೆಳಗೆ ತೂರಿದರೆ ರಂಗೋಲಿಯ ಕೆಳಗೆ ತೂರಿದಂತಾಯಿತು.

1983ರಲ್ಲಿ ಲೀಗ್ ಪಂದ್ಯಗಳ ಬಾಗಿಲ ಹಣವನ್ನು ಹಂಚಿಕೊಳ್ಳುವ ಪದ್ಧತಿ ನಿಂತಿತು. ಇನ್ನು ಮೇಲೆ ಮೈದಾನ ಯಾರದೋ ಹಣವೂ ಅವರದೇ. ದೊಡ್ಡ ಊರಿನ ತಂಡಗಳು ದೊಡ್ಡವಾಗುತ್ತಲೇ ಹೋದವು. 1989ರ ಏಪ್ರಿಲ್ 15ರಂದು ಷೆಫೀಲ್ಡಿನ ಹಿಲ್ಸ್‌ಬರೋ ಮೈದಾನದಲ್ಲಿ ನಡೆದ ದುರಂತ 97 ಜನರ ಪ್ರಾಣವನ್ನು ಕಸಿದುಕೊಂಡಿತು. ವಿಚಾರಣೆ ನಡೆಸಿದ ನ್ಯಾಯಮೂರ್ತಿ ಟೇಲರ್ ಅವರ 1990ರ ಅಂತಿಮ ವರದಿ ದೊಡ್ಡ ಮೈದಾನಗಳಲ್ಲಿ ಎಲ್ಲರಿಗೂ ಆಸನವಿರಬೇಕೆಂದು ಶಿಫಾರಸು ಮಾಡಿತು. ನಿಂತು ನೋಡುತ್ತಿದ್ದ ‘ಟೆರೇಸ್’ ಎಂಬುದು ನಮ್ಮ ಚಿತ್ರಮಂದಿರಗಳ ಗಾಂಧಿ ಕ್ಲಾಸಿನಂತೆ: ಅಗ್ಗ, ಗದ್ದಲ, ಆದರೆ ಜೀವಂತ. ಅದು ಹೋದರೆ ಬಡವ ಹೊರಗುಳಿಯುವನೆಂಬ ಅರಿವು ಟೇಲರ್ ಅವರಿಗಿತ್ತು. ಗ್ಲಾಸ್ಗೋದ ಐಬ್ರಾಕ್ಸ್ ಮೈದಾನದಲ್ಲಿ ಕುಳಿತು ನೋಡಲು 6 ಪೌಂಡ್, ನಿಂತು ನೋಡಲು 4 ಪೌಂಡ್ ಇದ್ದುದನ್ನು ಉದಾಹರಿಸಿ, ಈ ಅಂತರ ಚಿಕ್ಕದಾಗಿಯೇ ಇರಬಲ್ಲದು ಎಂದು ಅವರು ಸೂಚಿಸಿದ್ದರು. 1992ರಲ್ಲಿ ಪ್ರೀಮಿಯರ್ ಲೀಗ್ ಸ್ಥಾಪನೆಯಾದ ಮೇಲೆ ಆಸನದ ಸಲಹೆಯನ್ನು ಪಾಲಿಸಿದವರು ಬೆಲೆಯ ಸಲಹೆಯನ್ನು ಮರೆತರು.

ಮರೆಯದ ಒಂದು ಊರಿನ ಉದಾಹರಣೆಯನ್ನು ಹೇಳಲೇಬೇಕು. ಬ್ರ್ಯಾಡ್‌ಫರ್ಡ್ ಸಿಟಿ ತಂಡದ ಮೈದಾನ ಏಷ್ಯಾ ಮೂಲದ ಜನರು ದಟ್ಟವಾಗಿ ನೆಲೆಸಿರುವ ಮ್ಯಾನಿಂಗ್‌ಹ್ಯಾಮ್ ಬಡಾವಣೆಯಲ್ಲಿದೆ. 1985ರ ಮೇ 11ರಂದು ಅಲ್ಲಿಯ ಬೆಂಕಿ 56 ಜನರನ್ನು ಬಲಿ ತೆಗೆದುಕೊಂಡಿತ್ತು. ಒಮ್ಮೆ ಪ್ರೀಮಿಯರ್ ಲೀಗಿನಲ್ಲಿದ್ದ ತಂಡ 2007ರಲ್ಲಿ ನಾಲ್ಕನೆಯ ದರ್ಜೆಗೆ ಕುಸಿಯಿತು. ಇಪ್ಪತ್ತೈದು ಸಾವಿರ ಆಸನಗಳ ಮೈದಾನದಲ್ಲಿ ಬಹುಪಾಲು ಖಾಲಿ ಉಳಿಯುವ ಭೀತಿ ಎದುರಾದಾಗ, ಕ್ಲಬ್ಬು ಇಡೀ ಋತುವಿನ ಟಿಕೆಟ್ಟನ್ನು 138 ಪೌಂಡಿಗೆ ಮಾರಿತು. ತವರಿನ 23 ಪಂದ್ಯಗಳಿಗೆ ಭಾಗಿಸಿದರೆ ಪಂದ್ಯವೊಂದಕ್ಕೆ ಸರಿಯಾಗಿ ಆರು ಪೌಂಡ್. ಆ ದರ್ಜೆಯಲ್ಲಿ ಅಪರೂಪವಾದ, ಸರಾಸರಿ 13,000 ಮೀರಿದ ಪ್ರೇಕ್ಷಕರು ಬಂದರು. ಮುಂದೆ 2015-16ರಲ್ಲಿ 149 ಪೌಂಡಿನ ಟಿಕೆಟ್ಟಿನೊಂದಿಗೆ ಸರಾಸರಿ 18,000ದ ಆಸುಪಾಸಿಗೆ ಏರಿತು.

ಈ ಉಪಾಯದ ಮರ್ಮವೇನು? ಮಂಗಳವಾರದ ಒಂದು ಪಂದ್ಯಕ್ಕೆ ಕೊನೆಯ ಗಳಿಗೆಯಲ್ಲಿ ದರ ಇಳಿಸಿದರೆ, ಮೊದಲೇ ಪೂರ್ಣ ಹಣ ತೆತ್ತ ನಿಷ್ಠಾವಂತನಿಗೆ ತಾನು ಮೋಸಹೋದೆನೆಂಬ ಭಾವ ಬರುತ್ತದೆ. ಮಿಕ್ಕವರು ಮುಂದಿನ ಸಲವೂ ರಿಯಾಯಿತಿಗಾಗಿ ಕಾಯುತ್ತಾರೆ. ಪುಕ್ಕಟೆ ಹಂಚಿದ ಟಿಕೆಟ್ಟು ಎಷ್ಟೋ ವೇಳೆ ಜೇಬಿನಲ್ಲೇ ಉಳಿಯುತ್ತದೆ. ಋತುವಿನ ಆರಂಭದಲ್ಲೇ ಎಲ್ಲರಿಗೂ ಸಮನಾಗಿ ಅಗ್ಗವಾದ ಟಿಕೆಟ್ಟು ಹಾಗಲ್ಲ. ಹಣ ಆಗಲೇ ಸಂದಾಯವಾಗಿರುವುದರಿಂದ ಮಳೆಯ ರಾತ್ರಿಯ ಪ್ರಶ್ನೆ ಹಣದ್ದಾಗಿ ಉಳಿಯದೆ ಮನಸ್ಸಿನದಾಗುತ್ತದೆ. ನೆರೆಯ ಆಸನದಲ್ಲಿ ಗೆಳೆಯ ಕಾಯುತ್ತಿರುತ್ತಾನೆ. ಆದರೂ ಸೀಸನ್ ಟಿಕೆಟ್ಟುಳ್ಳವರೆಲ್ಲ ವಾರಮಧ್ಯಕ್ಕೆ ಬರುವುದಿಲ್ಲ. ಮಾರಾಟವಾದ ಆಸನವೂ ಖಾಲಿ ಇರಬಹುದು. 2012-13ರಲ್ಲಿ ಇದೇ ಬ್ರ್ಯಾಡ್‌ಫರ್ಡ್, ಡಿಸೆಂಬರ್ 11ರ ಮಂಗಳವಾರ ರಾತ್ರಿ ಆರ್ಸೆನಲ್ ತಂಡವನ್ನೂ ಬಳಿಕ ಆಸ್ಟನ್ ವಿಲ್ಲಾ ತಂಡವನ್ನೂ ಲೀಗ್ ಕಪ್ಪಿನಿಂದ ಹೊರಹಾಕಿ ಫೈನಲ್ ತಲುಪಿತು. ವೆಂಬ್ಲಿಯಲ್ಲಿ ಸ್ವಾನ್ಸಿ ತಂಡದೆದುರು 5-0ರಿಂದ ಸೋತರೂ, ಬಡ ವರ್ಷಗಳಲ್ಲಿ ಅಗ್ಗದ ಟಿಕೆಟ್ಟು ಉಳಿಸಿಕೊಂಡಿದ್ದ ಜನ ಆ ರಾತ್ರಿಗಳ ಸಂಭ್ರಮಕ್ಕೆ ಹಕ್ಕುದಾರರಾಗಿ ಅಲ್ಲಿದ್ದರು.

ಶ್ರೀಮಂತ ತಂಡಗಳ ಕಥೆ ಬೇರೆ. ಅಲ್ಲಿ ಆಸನ ಖಾಲಿಯಿಲ್ಲ, ಆದರೆ ಹಳೆಯ ಮನುಷ್ಯನಿಗೆ ಎಡೆಯಿಲ್ಲ. 2016ರ ಫೆಬ್ರವರಿ 6ರಂದು ಲಿವರ್‌ಪೂಲ್ ತಂಡದ ಸಾವಿರಾರು ಅಭಿಮಾನಿಗಳು, ಹೊಸ ಪ್ರೇಕ್ಷಕಾಂಗಣಕ್ಕೆ ಪ್ರಕಟವಾಗಿದ್ದ 77 ಪೌಂಡಿನ ದರವನ್ನು ಪ್ರತಿಭಟಿಸಿ, ಪಂದ್ಯದ 77ನೆಯ ನಿಮಿಷಕ್ಕೆ ಎದ್ದು ಹೊರನಡೆದರು. ಕೆಲವೇ ದಿನಗಳಲ್ಲಿ ಮಾಲೀಕರು ಆ ದರವನ್ನು ಕೈಬಿಟ್ಟರು. ಮರುತಿಂಗಳು ಪ್ರೀಮಿಯರ್ ಲೀಗ್ ತಂಡಗಳು ಪರಸ್ಥಳದಿಂದ ಬರುವ ಅಭಿಮಾನಿಗಳ ಟಿಕೆಟ್ಟಿಗೆ 30 ಪೌಂಡಿನ ಮಿತಿ ಹಾಕಿದವು. ಅದನ್ನು ಮುಂದೆಯೂ ಹಲವು ಬಾರಿ ವಿಸ್ತರಿಸಲಾಯಿತು. 1890ರಲ್ಲಿ ತಂಡಗಳು ಸೇರಿ ಕನಿಷ್ಠ ದರವನ್ನು ಕಟ್ಟಿದ್ದವು. 2016ರಲ್ಲಿ ಗರಿಷ್ಠ ದರವನ್ನು ಕಟ್ಟಬೇಕಾಯಿತು. ಈ ನೂರಿಪ್ಪತ್ತಾರು ವರ್ಷಗಳ ಪಯಣವೇ ನನ್ನ ಉಪನ್ಯಾಸದ ಸಾರ.

2024-25ರಿಂದ ಎಫ್.ಎ. ಕಪ್ಪಿನ ಮೊದಲನೆಯ ಸುತ್ತಿನಿಂದಾಚೆಗೆ ಮರುಪಂದ್ಯಗಳನ್ನು ರದ್ದುಪಡಿಸಲಾಗಿದೆ. ದೊಡ್ಡ ತಂಡವೊಂದರೊಡನೆ ಸಮ ಮಾಡಿಕೊಂಡು ವಾರಮಧ್ಯದ ಒಂದು ರಾತ್ರಿಯ ಆದಾಯದಿಂದ ವರ್ಷದ ಸಾಲ ತೀರಿಸುತ್ತಿದ್ದ ಸಣ್ಣ ಊರುಗಳಿಗೆ ಇದು ಸಣ್ಣ ನಷ್ಟವಲ್ಲ.

ಬಂಧುಗಳೇ, ಟಿಕೆಟ್ಟಿನ ಮೇಲೆ ಅಚ್ಚಾದ ಅಂಕಿ ನಿಜವಾದ ಬೆಲೆಯ ಒಂದು ಭಾಗ ಮಾತ್ರ. ಕೆಲಸದಿಂದ ಹೊರಡುವ ಹೊತ್ತು, ಕೊನೆಯ ರೈಲು, ಮಗುವಿನ ಮರುದಿನದ ಶಾಲೆ, ಇವೆಲ್ಲವನ್ನೂ ಬರುವವನೇ ತೆರುತ್ತಾನೆ. ಇದನ್ನು ಅರಿತ ಕ್ಲಬ್ಬಿಗೆ ಮಂಗಳವಾರವೂ ಜನ ಉಂಟು. ಖಾಲಿ ಆಸನದಿಂದ ಒಂದು ರಾತ್ರಿಯ ಹಣ ಹೋದರೆ ಹೇಗಾದರೂ ತುಂಬಿಕೊಳ್ಳಬಹುದು. ತಂದೆಯ ಕೈ ಹಿಡಿದು ಬರಬೇಕಾದ ಎಂಟು ವರ್ಷದ ಮಗು ಆ ರಾತ್ರಿ ಬಾರದೆ, ಮುಂದೆಂದೂ ಬಾರದೆ ಹೋದರೆ ಆ ನಷ್ಟವನ್ನು ಯಾವ ಲೆಕ್ಕಪುಸ್ತಕವೂ ತೋರಿಸುವುದಿಲ್ಲ. ಭಾಷೆ, ಸಂಗೀತ, ನಾಟಕಗಳನ್ನು ಪರದೇಶದಲ್ಲಿ ಉಳಿಸಿಕೊಳ್ಳಲು ಹೊರಟಿರುವ ನಮಗೂ ಈ ಮಾತಿನಲ್ಲಿ ಯೋಚಿಸಬೇಕಾದ ಅಂಶವಿದೆಯೆಂದು ಭಾವಿಸುತ್ತೇನೆ.